ಎವಿ ರಿಸೀವರ್ ಕೊಳ್ಳುವ ಮುಂಚೆ ಹಾಲ್ ಅಳತೆ ತೆಗೆಯಿರಿ

ಟಿವಿ, ಪ್ಲೇಯರ್‌ಗಳ ಶಬ್ದವನ್ನು ಹಾಲ್‌ನ ಸುತ್ತಲಿನ ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರೇ ಎವಿ ರಿಸೀವರ್. ಅದನ್ನು ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಮೂರು ಅಳತೆ ಬರೆದುಕೊಳ್ಳಿ. ಹಾಲ್‌ನ ಉದ್ದ ಅಗಲ, ಟಿವಿಯಿಂದ ಸೋಫಾದಲ್ಲಿ ಕೂತವರ ಕಿವಿಗೆ ಎಷ್ಟು ದೂರ, ಸೋಫಾದ ಬೆನ್ನಿಗೂ ಹಿಂದಿನ ಗೋಡೆಗೂ ನಡುವೆ ಎಷ್ಟು ಜಾಗ. ಎಷ್ಟು ಚಾನೆಲ್‌ನ (ಅಂದರೆ ಎಷ್ಟು ಸ್ಪೀಕರ್ ನಡೆಸುವ) ರಿಸೀವರ್ ಬೇಕು ಅನ್ನೋದು ಈ ಮೂರನೇ ಅಳತೆಯಲ್ಲೇ ತೀರ್ಮಾನವಾಗಿಬಿಡುತ್ತೆ.

ಮೈಸೂರಿನ 30×40 ಅಡಿ ಸೈಟಿನ ಮನೆಗಳಲ್ಲಿ ಹಾಲ್ ಸುಮಾರು 12 ಅಡಿ ಅಗಲ, 14–16 ಅಡಿ ಉದ್ದ ಇದ್ದು, ಒಂದು ಬದಿ ಊಟದ ಜಾಗಕ್ಕೆ ತೆರೆದುಕೊಂಡಿರುತ್ತೆ. ಸೋಫಾ ಹಿಂದಿನ ಗೋಡೆಗೆ ಆನಿಸಿಕೊಂಡೇ ಇರುತ್ತೆ. ಇಂಥ ಕಡೆ 7.1 (ಏಳು ಸ್ಪೀಕರ್, ಗುಮ್ಮೆನ್ನುವ ಶಬ್ದಕ್ಕೆ ಒಂದು ಸಬ್‌ವೂಫರ್) ಹಾಕಿದರೆ ಕೊನೆಯ ಎರಡು ಸ್ಪೀಕರ್‌ಗೆ ಜಾಗವೇ ಇಲ್ಲ. ಅವು ಕೂತವರ ಬೆನ್ನ ಹಿಂದೆ ಮೂರ್ನಾಲ್ಕು ಅಡಿಯಾದರೂ ದೂರ ಇರಬೇಕು. ಗೋಡೆಗೆ ಮೊಳೆ ಹೊಡೆದು ತಲೆಯ ಪಕ್ಕದಲ್ಲೇ ನೇತುಹಾಕಿದರೆ ಆ ಸ್ಪೀಕರ್ ಕೂಗುವುದಷ್ಟೇ ಕೇಳುತ್ತೆ, ಸಿನಿಮಾ ಕೇಳೋದಿಲ್ಲ. ಸೋಫಾ ಗೋಡೆಗೆ ತಾಗಿದ್ದರೆ 5.1 ಹಾಕಿ, ಇಲ್ಲವೇ ಮೇಲೆ ಎರಡು ಸ್ಪೀಕರ್ ಸೇರಿಸಿ 5.1.2 ಮಾಡಿ.

5.1.2ರಲ್ಲಿ ಮೊದಲ ಅಂಕಿ ಕಿವಿಯ ಮಟ್ಟದ ಸ್ಪೀಕರ್‌ಗಳದು, ಎರಡನೆಯದು ಸಬ್‌ವೂಫರ್‌ನದು, ಮೂರನೆಯದು ಮೇಲಿನಿಂದ ಶಬ್ದ ಬರಬೇಕಾದ ಸ್ಪೀಕರ್‌ಗಳದು. ತಲೆಯ ಮೇಲಿನಿಂದಲೂ ಶಬ್ದ ಕೇಳಿಸುವ ಡಾಲ್ಬಿ ಅಟ್ಮಾಸ್‌ಗೆ ಬೇಕಾಗುವುದು ಈ ಮೂರನೇ ಅಂಕಿ. 5.1.2ಕ್ಕೆ 7 ಆಂಪ್ಲಿಫೈಯರ್ ಬೇಕು. ಹಾಗಾಗಿ 7.2 ಅಂತ ಬರೆದಿರುವ ರಿಸೀವರ್ ತೆಗೆದುಕೊಳ್ಳಬೇಕಾಗುತ್ತೆ. 5 ಚಾನೆಲ್‌ನ ಕೆಳದರ್ಜೆಯ ಮಾಡೆಲ್‌ಗಳಲ್ಲಿ ಅಟ್ಮಾಸ್ ಸಿಗೋದು ಬಹಳ ಅಪರೂಪ. ಯಮಹಾದ ಆರ್‌ಎಕ್ಸ್-ವಿ4ಎ 5.2, ಅದರಲ್ಲಿ ಅಟ್ಮಾಸ್ ಇಲ್ಲ. ಅದರ ಮೇಲಿನ ಆರ್‌ಎಕ್ಸ್-ವಿ6ಎ 7.2, ಅದರಲ್ಲಿ ಇದೆ. 7.2ರ ಆ 2 ಅಂದರೆ ಎರಡು ಸಬ್‌ವೂಫರ್ ಜಾಕ್. ಕಡಿಮೆ ಬೆಲೆಯವುಗಳಲ್ಲಿ ಎರಡರಿಂದಲೂ ಬರೋದು ಒಂದೇ ಸಿಗ್ನಲ್, ಬೇರೆ ಬೇರೆ ಹೊಂದಿಸೋಕೆ ಆಗೋದಿಲ್ಲ.

ತಾರಸಿಯನ್ನೂ ಒಮ್ಮೆ ನೋಡಿ. ಚಪ್ಪಟೆ ಆರ್‌ಸಿಸಿ ಚಾವಣಿ 10 ಅಡಿ ಎತ್ತರದಲ್ಲಿದ್ದರೆ, ಮುಂದಿನ ಸ್ಪೀಕರ್ ಮೇಲೆ ಕೂರಿಸಿ ಚಾವಣಿಗೆ ಶಬ್ದ ಹೊಡೆಸುವ ಬಗೆಯ ಅಟ್ಮಾಸ್ ಸ್ಪೀಕರ್ ಕೆಲಸ ಮಾಡುತ್ತೆ. ಅಗ್ರಹಾರದ ಹಳೇ ಹೆಂಚಿನ ಮನೆಗಳಲ್ಲಿ, ಇಳಿಜಾರು ಮಾಡಿನ ಕೆಳಗೆ ಅದು ದಂಡ. ಶಬ್ದ ತಿರುಗಿ ಕೂತವರ ಕಡೆ ಬರೋದೇ ಇಲ್ಲ. ಅಲ್ಲಿ ಒಳ್ಳೆಯ 5.1 ಸಾಕು, ಉಳಿದ ದುಡ್ಡು ಸ್ಪೀಕರ್‌ಗೆ ಹಾಕಿ.

ವ್ಯಾಟ್ ಲೆಕ್ಕ

ಡಬ್ಬದ ಮೇಲಿನ ದೊಡ್ಡ ಅಂಕಿ ನೋಡಿ ಮರುಳಾಗಬೇಡಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇರುವುದೇ ಮುಖ್ಯ. "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 2 ಚಾನೆಲ್ ಒಟ್ಟಿಗೆ, 0.08% ಡಿಸ್ಟಾರ್ಷನ್" ಅಂತ ಇದ್ದರೆ ಆ ವ್ಯಾಟ್ ನಂಬಬಹುದು. "6 ಓಮ್, 1 ಕಿಲೋಹರ್ಟ್ಸ್, 1 ಚಾನೆಲ್, 10% ಡಿಸ್ಟಾರ್ಷನ್" ಅಂತ ಇದ್ದರೆ ಅದೇ ಯಂತ್ರಕ್ಕೆ ಎರಡರಷ್ಟು ಅಂಕಿ ಕೊಟ್ಟಿದ್ದಾರೆ ಅಂತ ಅರ್ಥ. ಎರಡು ರಿಸೀವರ್ ಹೋಲಿಸುವಾಗ ಒಂದೇ ಷರತ್ತಿನ ಅಂಕಿಗಳನ್ನು ಮಾತ್ರ ಪಕ್ಕಪಕ್ಕ ಇಡಿ.

ಇನ್ನು ನಿಮಗೆ ಎಷ್ಟು ಬೇಕು? ಸ್ಪೀಕರ್‌ನ ಸೆನ್ಸಿಟಿವಿಟಿ 88 ಡೆಸಿಬಲ್ ಅಂದುಕೊಳ್ಳಿ. ಅಂದರೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 88 ಡೆಸಿಬಲ್. 3 ಮೀಟರ್ ದೂರದ ಸೋಫಾಗೆ ಬರುವಷ್ಟರಲ್ಲಿ ಅದು ಸುಮಾರು 78ಕ್ಕೆ ಇಳಿಯುತ್ತೆ. 10 ವ್ಯಾಟ್ ಕೊಟ್ಟರೆ 88, 100 ವ್ಯಾಟ್ ಕೊಟ್ಟರೆ 98. 60 ವ್ಯಾಟ್ ಕೊಟ್ಟರೆ 96. ಅಂದರೆ 60ಕ್ಕೂ 100ಕ್ಕೂ ಇರೋ ವ್ಯತ್ಯಾಸ ಬರೀ 2 ಡೆಸಿಬಲ್, ಕಿವಿಗೆ ಅಷ್ಟೇನೂ ತಿಳಿಯೋದಿಲ್ಲ. ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗೋದು 3 ಡೆಸಿಬಲ್. ಅದೇ 3 ಡೆಸಿಬಲ್, 88ರ ಬದಲು 91 ಸೆನ್ಸಿಟಿವಿಟಿಯ ಸ್ಪೀಕರ್ ತಂದರೂ ಸಿಗುತ್ತೆ. ಹಾಲ್ 12–16 ಅಡಿ ಇದ್ದರೆ ನಿಜವಾದ 70–80 ವ್ಯಾಟ್ ಧಾರಾಳ.

ಸ್ಪೀಕರ್ 4 ಓಮ್‌ನದಾದರೆ ಮಾತ್ರ ಹುಷಾರು. ಅದು 8 ಓಮ್‌ನದರ ಎರಡರಷ್ಟು ಕರೆಂಟ್ ಎಳೆಯುತ್ತೆ, ಸಣ್ಣ ರಿಸೀವರ್ ಬಿಸಿಯಾಗಿ ತಾನಾಗಿ ಆಫ್ ಆಗುತ್ತೆ. ಕೈಪಿಡಿಯಲ್ಲಿ 4 ಓಮ್ ಒಪ್ಪುತ್ತೆ ಅಂತ ಇದೆಯಾ ನೋಡಿಕೊಳ್ಳಿ. ಹಳೇ ಡಬ್ಬದ ಹೋಮ್ ಥಿಯೇಟರ್ ಸೆಟ್ಟಿನ ಸ್ಪೀಕರ್‌ಗಳನ್ನು ಹೊಸ ರಿಸೀವರ್‌ಗೆ ಹಾಕಬೇಡಿ. ಅವುಗಳಲ್ಲಿ ಎಷ್ಟೋ 3 ಓಮ್‌ನವು.

ಲೋಕಲ್ ಅಸೆಂಬಲ್ಡ್ 5.1 ಆಂಪ್ಲಿಫೈಯರ್ ತೋರಿಸಿ "1000 ವ್ಯಾಟ್" ಅಂದರೆ ಮುಚ್ಚಳ ತೆಗೆಸಿ ಟ್ರಾನ್ಸ್‌ಫಾರ್ಮರ್ ನೋಡಿ. 24-0-24, 5 ಆಂಪ್ ಅಂತ ಬರೆದಿದ್ದರೆ 48 ವೋಲ್ಟ್ ಗುಣಿಸು 5, ಒಟ್ಟು 240 ವಿಎ. ಆರು ಚಾನೆಲ್ ಸೇರಿದರೂ ಅದರಿಂದ 240 ವ್ಯಾಟ್‌ಗಿಂತ ಹೆಚ್ಚು ನಿರಂತರವಾಗಿ ಹೊರಡೋಕೆ ಸಾಧ್ಯವೇ ಇಲ್ಲ. ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ವ್ಯಾಟ್) ಅನ್ನೋ ಅಂಕಿಯನ್ನಂತೂ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ.

ಮಾತು ಕೇಳಬೇಕು

ನಮ್ಮ ಮನೆಗಳಲ್ಲಿ ಹೆಚ್ಚು ನೋಡೋದು ಟಿವಿ ಚಾನೆಲ್ ಮತ್ತು ಹಳೇ ಸಿನಿಮಾ. ಕಪ್ಪು-ಬಿಳುಪು ಕಾಲದ ಕನ್ನಡ ಸಿನಿಮಾಗಳ ಶಬ್ದ ಮಾನೋ. ರಿಸೀವರ್‌ನಲ್ಲಿ ಡಾಲ್ಬಿ ಸರೌಂಡ್ ಮೋಡ್ ಇಟ್ಟರೆ ಆ ಮಾನೋ ಶಬ್ದವೆಲ್ಲ ನಡುವಿನ ಸ್ಪೀಕರ್‌ಗೆ ಹೋಗುತ್ತೆ. ಹೊಸ ಸಿನಿಮಾದಲ್ಲೂ ಸಂಭಾಷಣೆ ಬಹುತೇಕ ಅಲ್ಲಿಂದಲೇ. ಆದ್ದರಿಂದ ಸೆಂಟರ್ ಸ್ಪೀಕರ್ ಮುಂದಿನ ಎರಡು ಸ್ಪೀಕರ್‌ಗಳ ಜೋಡಿಯದೇ ಆಗಿರಲಿ, ಅದೇ ಕಂಪನಿಯ ಅದೇ ಸೀರೀಸ್. ಒಟ್ಟು ದುಡ್ಡಿನಲ್ಲಿ ರಿಸೀವರ್‌ಗೆ ಮೂರನೇ ಒಂದು ಭಾಗ ಇಟ್ಟು, ಉಳಿದದ್ದನ್ನು ಸ್ಪೀಕರ್ ಮತ್ತು ಸಬ್‌ವೂಫರ್‌ಗೆ ಹಾಕಿ.

ರಿಸೀವರ್ ಆರಿಸುವಾಗ ನಾವು ಚಾನೆಲ್‌ಗಿಂತ ಹೆಚ್ಚು ತೂಕ ಕೊಡೋದು ರೂಮ್ ಕರೆಕ್ಷನ್‌ಗೆ, ಅಂದರೆ ಜೊತೆಗೆ ಬರುವ ಮೈಕ್‌ನಿಂದ ಹಾಲ್ ಅಳೆದು ಶಬ್ದ ತಿದ್ದುವ ಸೌಲಭ್ಯಕ್ಕೆ. ವಿಟ್ರಿಫೈಡ್ ಟೈಲ್ಸ್ ಅಥವಾ ರೆಡ್ ಆಕ್ಸೈಡ್ ನೆಲ, ಬೋಳು ಗೋಡೆ, ಗಾಜಿನ ಶೋಕೇಸ್ ಇರುವ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿ ನೋಡಿ. ಟಿಣ್ಣ್ ಅಂತ ಬಾಲ ಎಳೆಯುತ್ತೆ. ಆ ಬಾಲವೇ ಮಾತನ್ನು ಕಲಸಿಬಿಡೋದು. ಡೆನಾನ್, ಮರಾಂಟ್ಜ್‌ನಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಾವೋ, ಆಂಕ್ಯೋದ ಕೆಲವು ಹೊಸ ಮಾಡೆಲ್‌ಗಳಲ್ಲಿ ಡಿರಾಕ್ ಇರುತ್ತೆ. ಆಡಿಸ್ಸಿಯಲ್ಲೂ ದರ್ಜೆಗಳಿವೆ: ಮಲ್ಟಿಇಕ್ಯೂ, ಅದರ ಮೇಲೆ ಎಕ್ಸ್‌ಟಿ, ಅದರ ಮೇಲೆ ಎಕ್ಸ್‌ಟಿ32. ಸಬ್‌ವೂಫರ್‌ನ ಗುಮ್ಮೆನ್ನುವ ಶಬ್ದವನ್ನು ಸೂಕ್ಷ್ಮವಾಗಿ ತಿದ್ದೋದು ಎಕ್ಸ್‌ಟಿ32. ದುಡ್ಡು ಸಾಲುವುದಾದರೆ ಎರಡು ಚಾನೆಲ್ ಬಿಟ್ಟುಕೊಟ್ಟಾದರೂ ಒಂದು ದರ್ಜೆ ಮೇಲಿನ ಕರೆಕ್ಷನ್ ತೆಗೆದುಕೊಳ್ಳಿ. ಆದರೆ ಪ್ರತಿಧ್ವನಿಯನ್ನು ಯಾವ ಕರೆಕ್ಷನ್ನೂ ಪೂರ್ತಿ ಅಳಿಸೋದಿಲ್ಲ. ಸೋಫಾ ಮುಂದೆ ದಪ್ಪ ಜಮಖಾನ, ಕಿಟಕಿಗೆ ದಪ್ಪ ಪರದೆ ಬೇಕೇ ಬೇಕು.

ಎಚ್‌ಡಿಎಂಐ

ಟಿವಿಯ ಹಿಂದೆ ಯಾವ ಎಚ್‌ಡಿಎಂಐ ಬಾಯಿಯ ಪಕ್ಕ ಎಆರ್‌ಸಿ ಅಥವಾ ಇ-ಎಆರ್‌ಸಿ ಅಂತ ಬರೆದಿದೆ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ. ಟಿವಿಯೊಳಗಿನ ಆ್ಯಪ್‌ಗಳ ಶಬ್ದ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ವಾಪಸ್ ಬರೋದು ಅದೊಂದರಿಂದಲೇ. ಓಟಿಟಿಯ ಅಟ್ಮಾಸ್‌ಗೆ ಎಆರ್‌ಸಿ ಸಾಕಾಗಬಹುದು. ಬ್ಲೂ-ರೇಯ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿಯಂಥ ಪೂರ್ತಿ ಶಬ್ದ ಟಿವಿ ಮೂಲಕ ಹೋಗಬೇಕಾದರೆ ಎರಡು ತುದಿಯಲ್ಲೂ ಇ-ಎಆರ್‌ಸಿ ಇರಬೇಕು. ಸ್ಯಾಮ್‌ಸಂಗ್ ಟಿವಿಗಳು 2018ರಿಂದ ಡಿಟಿಎಸ್ ಕೈಬಿಟ್ಟಿವೆ. ಡಿಟಿಎಸ್ ಫೈಲು, ಡಿಸ್ಕ್ ನೋಡುವವರು ಪ್ಲೇಯರನ್ನು ನೇರವಾಗಿ ರಿಸೀವರ್‌ಗೇ ಸೇರಿಸಿ.

ಸೆಟ್‌ಟಾಪ್ ಬಾಕ್ಸ್, ಸ್ಟ್ರೀಮಿಂಗ್ ಸ್ಟಿಕ್, ಬ್ಲೂ-ರೇ, ಗೇಮ್ ಕನ್ಸೋಲ್ ಎಣಿಸಿ, ಅದಕ್ಕೊಂದು ಸೇರಿಸಿ. ಅಷ್ಟು ಇನ್‌ಪುಟ್ ಇರಲಿ. ಎಲ್ಲದರಲ್ಲೂ ನಕಲು ತಡೆಯುವ ವ್ಯವಸ್ಥೆಯಾದ ಎಚ್‌ಡಿಸಿಪಿ 2.2 ಅಥವಾ ಅದಕ್ಕಿಂತ ಹೊಸದು ಇದೆಯಾ ಕೇಳಿ. ಇಲ್ಲದಿದ್ದರೆ 4ಕೆ ಚಿತ್ರ ಬರೋದಿಲ್ಲ. ಗೇಮ್ ಆಡುವ ಮಕ್ಕಳಿದ್ದರೆ 4ಕೆ 120 ಹರ್ಟ್ಸ್ ಎಷ್ಟು ಬಾಯಿಗಿದೆ ಅಂತಲೂ ನೋಡಿ.

ಸಾಮಾನ್ಯ ತಾಮ್ರದ ಎಚ್‌ಡಿಎಂಐ ಕೇಬಲ್ 5 ಮೀಟರ್ ದಾಟಿದರೆ 4ಕೆಯಲ್ಲಿ ಚಿತ್ರ ಮಿಣುಕಬಹುದು. ಪ್ರೊಜೆಕ್ಟರ್‌ಗೆ 10–15 ಮೀಟರ್ ಬೇಕಾದರೆ ಆಪ್ಟಿಕಲ್ ಎಚ್‌ಡಿಎಂಐ ತನ್ನಿ. ಅದಕ್ಕೆ ದಿಕ್ಕು ಇದೆ. ಒಂದು ತುದಿಯಲ್ಲಿ ಸೋರ್ಸ್, ಇನ್ನೊಂದರಲ್ಲಿ ಡಿಸ್‌ಪ್ಲೇ ಅಂತ ಬರೆದಿರುತ್ತೆ. ಗೋಡೆಯೊಳಗೆ ಎಳೆದ ಮೇಲೆ ತಿರುಗುಮುರುಗು ಅಂತ ಗೊತ್ತಾದರೆ ಮತ್ತೆ ಎಳೆಯಬೇಕು. ಮನೆ ಕಟ್ಟಿಸುತ್ತಿದ್ದರೆ ಗಾರೆ ಹಾಕುವ ಮುಂಚೆಯೇ ಒಂದಿಂಚಿನ ಪಿವಿಸಿ ಪೈಪ್ ಹಾಕಿಸಿ, ಕರೆಂಟ್ ಪೈಪಿನಿಂದ ಒಂದಡಿ ದೂರ. ಸ್ಪೀಕರ್ ವಯರ್ 15 ಮೀಟರ್ ಒಳಗಿದ್ದರೆ 1.5 ಚದರ ಮಿ.ಮೀ. ತಾಮ್ರ ಸಾಕು, ಹೆಚ್ಚಾದರೆ 2.5.

ಕರೆಂಟು, ಬಿಸಿ, ಹಲ್ಲಿ

ವಿದೇಶದಿಂದ ನೆಂಟರು ತಂದುಕೊಡುವ ರಿಸೀವರ್‌ನ ಬೆನ್ನಿನ ಪಟ್ಟಿ ಓದದೆ ಪ್ಲಗ್ ಹಾಕಬೇಡಿ. ಅಮೆರಿಕದ್ದು 120 ವೋಲ್ಟ್, ಜಪಾನಿನದು 100. ನಮ್ಮ 230ಕ್ಕೆ ಸಿಕ್ಕಿಸಿದ ಕ್ಷಣವೇ ಸುಟ್ಟುಹೋಗುತ್ತೆ. ಇಂಡಿಯಾದ ವಾರಂಟಿಯೂ ಸಿಗೋದಿಲ್ಲ.

ಮಂಡ್ಯ ಸುತ್ತಮುತ್ತ ಪಂಪ್‌ಸೆಟ್ ಲೈನಿನಲ್ಲೇ ಮನೆ ಕರೆಂಟೂ ಬರುವ ಊರುಗಳಲ್ಲಿ, ಸಂಜೆ ಹೊತ್ತು ಎರಡು ಮೂರು ದಿನ ಮಲ್ಟಿಮೀಟರ್ ಇಟ್ಟು ನೋಡಿ. 200ಕ್ಕಿಂತ ಇಳಿಯುತ್ತಿದ್ದರೆ ಅಥವಾ 250 ದಾಟುತ್ತಿದ್ದರೆ 1 ಕೆವಿಎ ಸ್ಟೆಬಿಲೈಸರ್ ಹಾಕಿ. ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ರಿಸೀವರ್‌ನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುತ್ತೆ, ಸೈನ್ ವೇವ್ ಆದರೆ ತೊಂದರೆಯಿಲ್ಲ. ಅಶ್ವಿನಿ, ಭರಣಿ ಮಳೆಯ ಗುಡುಗು ಶುರುವಾದರೆ ಸ್ವಿಚ್ ಆರಿಸಿದರೆ ಸಾಲದು. ಪ್ಲಗ್ ಕೀಳಿ, ಸೆಟ್‌ಟಾಪ್ ಬಾಕ್ಸಿನ ಡಿಶ್ ವಯರನ್ನೂ ಬಿಚ್ಚಿ. ಸಿಡಿಲಿನ ಪೆಟ್ಟು ಆ ವಯರಿನಿಂದ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ರಿಸೀವರ್‌ಗೆ ಬರುತ್ತೆ.

ರಿಸೀವರ್‌ನ ಮೇಲೆ ಕನಿಷ್ಠ ಅರ್ಧ ಅಡಿ ಜಾಗ ಬಿಡಿ. ಗಾಜಿನ ಬಾಗಿಲಿನ ಶೋಕೇಸ್‌ನಲ್ಲಿ ಮುಚ್ಚಬೇಡಿ, ಮೇಲೆ ಕ್ರೋಶಾ ಬಟ್ಟೆ ಹೊದಿಸಬೇಡಿ, ಸೆಟ್‌ಟಾಪ್ ಬಾಕ್ಸ್ ಇಡಬೇಡಿ. ಬೆಚ್ಚಗಿರುತ್ತೆ ಅಂತ ಹಲ್ಲಿ ಜಾಲರಿಯ ಸಂದಿಯಿಂದ ಒಳಗೆ ಸೇರಿಕೊಳ್ಳುತ್ತೆ. ಅದು ಬೋರ್ಡಿನ ಮೇಲೆ ಅಡ್ಡ ಬಿದ್ದರೆ ಶಾರ್ಟ್ ಆಗುತ್ತೆ. ಊರಿಗೆ ಹೋಗುವಾಗ ಗೋಡೆಯ ಸ್ವಿಚ್ಚನ್ನೇ ಆರಿಸಿ ಹೋಗಿ.

ಅಂಗಡಿಯಲ್ಲಿ

ಡೆಮೊಗೆ ಕೂತಾಗ ರಿಸೀವರ್‌ನ ಡಿಸ್‌ಪ್ಲೇ ಓದಿ. "ಆಲ್ ಚಾನೆಲ್ ಸ್ಟೀರಿಯೊ" ಅಂತ ಇದ್ದರೆ ಬದಲಾಯಿಸಲು ಹೇಳಿ. ಅದರಲ್ಲಿ ಎಲ್ಲ ಸ್ಪೀಕರ್‌ನಿಂದಲೂ ಒಂದೇ ಶಬ್ದ ಬರುತ್ತೆ, ಕೂಡಲೇ ಭರ್ಜರಿ ಅನ್ನಿಸುತ್ತೆ, ಏನೂ ತಿಳಿಯೋದಿಲ್ಲ. ಸ್ಫೋಟದ ದೃಶ್ಯದ ಬದಲು ಇಬ್ಬರು ಮೆಲ್ಲಗೆ ಮಾತಾಡುವ ದೃಶ್ಯ ಹಾಕಿಸಿ, ಕಡಿಮೆ ವಾಲ್ಯೂಮಿನಲ್ಲಿ. ಪ್ರತಿ ಪದ ಸ್ಪಷ್ಟವಾಗಿ ಕೇಳಿದರೆ ಸರಿ. ಮೈಕ್ ಡಬ್ಬದಲ್ಲಿದೆಯಾ, ಸರ್ವೀಸ್ ಮೈಸೂರಿನಲ್ಲೇ ಆಗುತ್ತಾ ಅಥವಾ ಬೆಂಗಳೂರಿಗೆ ಕಳಿಸಬೇಕಾ, ಕಳಿಸುವ ಖರ್ಚು ಯಾರದು, ಇದನ್ನೆಲ್ಲ ಬಿಲ್ ಮಾಡಿಸುವ ಮುಂಚೆ ಕೇಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಡಬ್ಬ ಮತ್ತು ಥರ್ಮೋಕೋಲ್ ಅಟ್ಟದ ಮೇಲೆ ಜೋಪಾನವಾಗಿಡಿ, ರಿಪೇರಿಗೆ ಕಳಿಸುವಾಗ ಬೇಕಾಗುತ್ತೆ.

ಮನೆಗೆ ತಂದ ದಿನ

ಪ್ಲಗ್ ಹಾಕದೆ ಮೊದಲು ವಯರ್ ಸೇರಿಸಿ. ತುದಿಯ ಪ್ಲಾಸ್ಟಿಕ್ 1 ಸೆಂ.ಮೀ. ಮಾತ್ರ ಸುಲಿದು, ಎಳೆಗಳನ್ನು ಬತ್ತಿ ಹೊಸೆದ ಹಾಗೆ ಬಿಗಿಯಾಗಿ ತಿರುಚಿ, ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಕೂದಲಿನಂಥ ಒಂದೇ ಒಂದು ಎಳೆ ಹೊರಗೆ ಚಾಚಿ ಪಕ್ಕದ ತಿರುಪನ್ನು ಮುಟ್ಟಿದರೂ ರಿಸೀವರ್ ಆನ್ ಆದ ಕೂಡಲೇ ಆಫ್ ಆಗುತ್ತೆ. "ರಿಸೀವರ್ ಕೆಟ್ಟಿದೆ" ಅಂತ ವಾಪಸ್ ಒಯ್ಯುವ ಮುನ್ನ ಟಾರ್ಚ್ ಬಿಟ್ಟು ಎಲ್ಲ ತಿರುಪೂ ನೋಡಿ.

ಸಬ್‌ವೂಫರ್‌ನ ವಾಲ್ಯೂಮ್ ಅರ್ಧಕ್ಕಿಟ್ಟು, ಅದರ ಕ್ರಾಸ್‌ಓವರ್ (ಎಷ್ಟು ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಸಬ್‌ವೂಫರ್‌ಗೆ ಅನ್ನೋ ಗಡಿ) ಪೂರ್ತಿ ಮೇಲಕ್ಕೆ ತಿರುಗಿಸಿ. ಫ್ಯಾನ್ ಆರಿಸಿ, ಅಡುಗೆಮನೆಯ ಕುಕ್ಕರ್ ಇಳಿಸಿದ ಮೇಲೆ ಮೈಕ್ ಸೇರಿಸಿ. ಮೈಕನ್ನು ಸೋಫಾದ ಬೆನ್ನಿನ ಮೇಲೆ ಇಡಬೇಡಿ. ಕ್ಯಾಮೆರಾ ಟ್ರೈಪಾಡ್ ಮೇಲೆ ಕಿವಿಯ ಎತ್ತರಕ್ಕೆ ನಿಲ್ಲಿಸಿ. ಮೊದಲ ಅಳತೆ ನೀವು ಕೂರುವ ಜಾಗದಲ್ಲೇ ಆಗಬೇಕು. ಉಳಿದವು ಅದರ ಸುತ್ತ ಎರಡಡಿ ಒಳಗೆ.

ಮುಗಿದ ಮೇಲೆ ಸೆಟಪ್ ಒಳಗೆ ಹೋಗಿ ಸ್ಪೀಕರ್‌ಗಳು "ಲಾರ್ಜ್" ಆಗಿದ್ದರೆ "ಸ್ಮಾಲ್" ಮಾಡಿ, ಕ್ರಾಸ್‌ಓವರ್ 80 ಹರ್ಟ್ಸ್ ಇಡಿ. ಸಬ್‌ವೂಫರ್ ಲೆವೆಲ್ -12 ತೋರಿಸಿದರೆ ಅದರ ವಾಲ್ಯೂಮ್ ತಗ್ಗಿಸಿ ಮತ್ತೆ ಅಳೆಯಿರಿ. ಸಬ್‌ವೂಫರ್ ದೂರ ಟೇಪಿನ ಅಳತೆಗಿಂತ ಹೆಚ್ಚು ತೋರಿಸಿದರೆ ಮುಟ್ಟಬೇಡಿ. ಅದರೊಳಗಿನ ಸರ್ಕ್ಯೂಟಿನ ತಡವನ್ನೂ ರಿಸೀವರ್ ಸೇರಿಸಿ ಲೆಕ್ಕ ಹಾಕಿದೆ.

ಟಿವಿಯಲ್ಲಿ ಡಿಜಿಟಲ್ ಔಟ್‌ಪುಟ್ "ಪಾಸ್ ಥ್ರೂ" ಅಥವಾ "ಬಿಟ್‌ಸ್ಟ್ರೀಮ್" ಇರಲಿ. ಪಿಸಿಎಂ ಇದ್ದರೆ ಎಷ್ಟೇ ದುಡ್ಡು ಹಾಕಿದ್ದರೂ ಬಹುತೇಕ ಟಿವಿಗಳಿಂದ ಬರೋದು ಸ್ಟೀರಿಯೊ ಮಾತ್ರ. ಎಆರ್‌ಸಿ ಶಬ್ದವೇ ಬರದಿದ್ದರೆ ಸಿಇಸಿ (ಎಚ್‌ಡಿಎಂಐ ಮೂಲಕ ಟಿವಿ, ರಿಸೀವರ್ ಒಂದನ್ನೊಂದು ನಿಯಂತ್ರಿಸುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. ಸೋನಿಯಲ್ಲಿ ಅದರ ಹೆಸರು ಬ್ರಾವಿಯಾ ಸಿಂಕ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್. ಸ್ಪೀಕರ್‌ಗಳಲ್ಲಿ ಸದಾ ಗುಂಯ್ ಅನ್ನುವ ಸದ್ದಿದ್ದರೆ ಕೇಬಲ್ ಅಥವಾ ಡಿಶ್ ವಯರ್ ಬಿಚ್ಚಿ ಕೇಳಿ. ಸದ್ದು ನಿಂತರೆ ತಪ್ಪು ರಿಸೀವರ್‌ನದಲ್ಲ, ಅರ್ತಿಂಗ್‌ದು. ಟಿವಿ, ಬಾಕ್ಸ್, ರಿಸೀವರ್, ಸಬ್‌ವೂಫರ್ ನಾಲ್ಕನ್ನೂ ಒಂದೇ ಪ್ಲಗ್ ಪಾಯಿಂಟಿನ ಬೋರ್ಡಿಗೆ ಹಾಕಿ, ಆಮೇಲೂ ಹೋಗದಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಅರ್ತ್ ಗುಂಡಿ ಪರೀಕ್ಷೆ ಮಾಡಿಸಿ.