ಪ್ರೊಜೆಸ್ಟರಾನ್‌ಗೆ ಓಗೊಡದ ಜೀವಕೋಶಗಳು: ಬೆಳಗಾವಿಯ ಪ್ರಯೋಗಾಲಯದಲ್ಲಿ ನನ್ನ ಅನುಭವ

ಗರ್ಭಕೋಶದ ಒಳಪೊರೆಯಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆಯೇ ಎಂಡೊಮೆಟ್ರಿಯೋಸಿಸ್. ಅದರ ನೋವು ಸ್ಕ್ಯಾನಿಂಗ್ ಚಿತ್ರದ ಲೆಕ್ಕಕ್ಕೆ ಸಿಗುವುದಿಲ್ಲ. ಅಂಡಾಶಯದಲ್ಲಿ ದೊಡ್ಡ ಚಾಕೊಲೇಟ್ ಸಿಸ್ಟ್ (ಈ ಕಾಯಿಲೆಯಲ್ಲಿ ಹಳೆಯ ರಕ್ತ ತುಂಬಿಕೊಳ್ಳುವ ಚೀಲ) ಇದ್ದೂ ದಿನವಿಡೀ ಕಬ್ಬಿನ ಗದ್ದೆಯಲ್ಲಿ ದುಡಿಯುವವರಿದ್ದಾರೆ. ಕಿಬ್ಬೊಟ್ಟೆಯ ಒಳಪದರದ ಮೇಲೆ ನಾಲ್ಕಾರು ಕಲೆಗಳಷ್ಟೇ ಇದ್ದು, ಪ್ರತಿ ತಿಂಗಳೂ ಹಾಸಿಗೆ ಹಿಡಿಯುವವರೂ ಇದ್ದಾರೆ. ಈ ಎರಡನೆಯವರಿಗೆ ಮನೆಯಲ್ಲಿ ಸಿಗುವ ಉತ್ತರ ಒಂದೇ: ‘ಎಲ್ಲರಿಗೂ ಬರುವುದೇ, ತಡೆದುಕೋ.’ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಶೇ 10ರಷ್ಟು, ಅಂದರೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಂದಿಗೆ ಈ ಕಾಯಿಲೆ ಇದೆ. ಇಷ್ಟು ಜನರ ನೋವಿನ ಮೂಲ ಜೀವಕೋಶದ ಮಟ್ಟದಲ್ಲಿ ಎಲ್ಲಿದೆ ಎಂದು ಹುಡುಕುವುದು ನನ್ನ ಕೆಲಸ.

ಮುಟ್ಟಿನ ರಕ್ತ ಗರ್ಭನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹರಿದು, ಅದರಲ್ಲಿರುವ ಗರ್ಭಕೋಶದ ಒಳಪೊರೆಯ ತುಣುಕುಗಳು ಅಲ್ಲಿಯೇ ಬೇರೂರುತ್ತವೆ ಎಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲಿ ವಾದಿಸಿದರು. ಆದರೆ ಹಿಮ್ಮುಖ ಹರಿವು ಬಹುಪಾಲು ಎಲ್ಲ ಹೆಂಗಸರಲ್ಲೂ ಆಗುತ್ತದೆ. ಕಾಯಿಲೆ ಮಾತ್ರ ಕೆಲವರಿಗೆ. ಹಾಗಾದರೆ ಬೇರೂರುವ ಕೋಶಗಳಲ್ಲಿ ಏನೋ ಬೇರೆಯೇ ಇರಬೇಕು. ಒಳಪೊರೆಯನ್ನು ಗರ್ಭಕ್ಕೆ ಅಣಿಗೊಳಿಸುವ ಪ್ರೊಜೆಸ್ಟರಾನ್ ಹಾರ್ಮೋನ್‌ಗೆ ಅವು ಹೇಗೆ ಸ್ಪಂದಿಸುತ್ತವೆ ಎಂಬುದನ್ನೇ ನಾವು ನೋಡುತ್ತೇವೆ. ಅದನ್ನು ತಿಳಿಯಬೇಕೆಂದರೆ ಅಂಗಾಂಶವನ್ನು ಇಡಿಯಾಗಿ ಅರೆದು ಪರೀಕ್ಷಿಸಿದರೆ ಸಾಲದು, ಕೋಶಗಳನ್ನು ಜಾತಿವಾರು ಬೇರ್ಪಡಿಸಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೆಲಸ ಶುರುವಾಗುವುದು ವಾರ್ಡಿನಲ್ಲಿ, ಒಪ್ಪಿಗೆ ಪತ್ರದಿಂದ. ಲ್ಯಾಪರೊಸ್ಕೋಪಿಯಲ್ಲಿ ತೆಗೆದ ಸಿಸ್ಟ್ ಗೋಡೆಯ ಒಂದು ಭಾಗ ಮೊದಲು ಪೆಥಾಲಜಿ ವಿಭಾಗಕ್ಕೆ ಹೋಗಬೇಕು, ಉಳಿದದ್ದು ನಮಗೆ. ಹೋಲಿಕೆಗಾಗಿ, ಸಂತಾನಹರಣ ಶಸ್ತ್ರಚಿಕಿತ್ಸೆಗೆ ಬಂದ ಆರೋಗ್ಯವಂತ ಮಹಿಳೆಯರಲ್ಲಿ ಒಪ್ಪಿದವರಿಂದ ಗರ್ಭಕೋಶದ ಒಳಪೊರೆಯ ಚೂರು ಪಡೆಯುತ್ತೇವೆ. ಯಾರೂ ಇತ್ತೀಚಿನ ಮೂರು ತಿಂಗಳಲ್ಲಿ ಹಾರ್ಮೋನ್ ಔಷಧ ಸೇವಿಸಿರಬಾರದು ಎಂಬುದು ನಿಯಮ. ‘ಹಾರ್ಮೋನ್ ಔಷಧ ತೆಗೆದುಕೊಂಡಿದ್ದೀರಾ?’ ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ, ಮತ್ತು ಅದು ಅವರ ಮಟ್ಟಿಗೆ ನಿಜವೇ. ನಾನು ಹಾಗೆ ಕೇಳುವುದಿಲ್ಲ. ‘ಅವ್ವಾ, ಜಾತ್ರೆಗೋ ಮದುವೆಗೋ ಹೋಗುವಾಗ ಮುಟ್ಟು ಮುಂದಕ್ಕೆ ಹಾಕಲು ಮಾತ್ರೆ ನುಂಗಿದ್ದೀರೇನು?’ ಎನ್ನುತ್ತೇನೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಮನೆಗಳಲ್ಲಿ ಈ ಮಾತ್ರೆ ಯಾರಿಗೂ ಹೊಸದಲ್ಲ. ಔಷಧ ಅಂಗಡಿಯಲ್ಲಿ ಕೇಳಿ ತರುತ್ತಾರೆ, ಔಷಧ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರಲ್ಲಿ ಇರುವುದು ನಾರ್‌ಎಥಿಸ್ಟಿರೋನ್, ಅಂದರೆ ಪ್ರೊಜೆಸ್ಟರಾನ್ ಬಳಗದ್ದೇ ಕೃತಕ ಹಾರ್ಮೋನ್. ಪ್ರೊಜೆಸ್ಟರಾನ್‌ಗೆ ಕೋಶಗಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವವರಿಗೆ ಆ ಮಾದರಿಯಿಂದ ಉಪಯೋಗವಿಲ್ಲ. ನಮ್ಮ ಕಡೆ ಈ ಕೆಲಸ ಕೈಗೊಳ್ಳುವ ಎಲ್ಲರೂ ಈ ಪ್ರಶ್ನೆಯನ್ನು ಇದೇ ಮಾತಿನಲ್ಲಿ ಕೇಳಬೇಕು. ಕೊನೆಯ ಮುಟ್ಟಿನ ತಾರೀಖನ್ನೂ ಬರೆದುಕೊಳ್ಳಬೇಕು. ಚಕ್ರದ ದಿನ ಗೊತ್ತಿಲ್ಲದೆ ಎರಡು ಮಾದರಿಗಳನ್ನು ಹೋಲಿಸುವುದು ವ್ಯರ್ಥ.

ಚೂರನ್ನು ಮಂಜುಗಡ್ಡೆಯ ಮೇಲಿಟ್ಟ ದ್ರಾವಣದಲ್ಲಿ ತಂದು, ರಕ್ತ ಹೋಗುವವರೆಗೆ ತೊಳೆದು, ಸಣ್ಣಗೆ ಕತ್ತರಿಸಿ ಕೊಲಾಜೆನೇಸ್ ಕಿಣ್ವದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಲುಗಾಡಿಸುತ್ತೇವೆ. ಸಿಸ್ಟ್ ಆದರೆ ಒಳಗಿನ ತೆಳುಪದರವನ್ನು ಮಾತ್ರ ಕೆರೆಯಬೇಕು, ಇಲ್ಲದಿದ್ದರೆ ಅಂಡಾಶಯದ ಸ್ವಂತ ಕೋಶಗಳೂ ಬೆರೆತುಬಿಡುತ್ತವೆ. ನಂತರ 40 ಮೈಕ್ರಾನ್ ಜರಡಿ. ಬಿಡಿಬಿಡಿಯಾದ ಸ್ಟ್ರೋಮಾ ಕೋಶಗಳು (ಗ್ರಂಥಿಗಳ ಸುತ್ತಲಿನ ಆಧಾರ ಅಂಗಾಂಶದ ಕೋಶಗಳು) ಕೆಳಗಿಳಿಯುತ್ತವೆ, ಗ್ರಂಥಿಗಳ ತುಂಡುಗಳು ಮೇಲೆ ಉಳಿಯುತ್ತವೆ. ಸ್ಟ್ರೋಮಾ ಕೋಶದ ಗುರುತಾದ ವೈಮೆಂಟಿನ್, ಗ್ರಂಥಿ ಕೋಶದ ಗುರುತಾದ ಸೈಟೊಕೆರಾಟಿನ್ ಎಂಬ ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡದೆ ಶುದ್ಧವಾಗಿದೆ ಎಂದು ಹೇಳಬಾರದು.

ಕೋಶಗಳನ್ನು ಬೆಳೆಸುವ ದ್ರವದ ವಿಷಯ ಬಿಡಿಸಿ ಹೇಳಬೇಕು. ಸಾಮಾನ್ಯವಾಗಿ ಸಿಗುವ ಮೀಡಿಯಂ ಚೆಂದದ ಕೆಂಪು ಬಣ್ಣದ್ದು. ಆ ಬಣ್ಣ ಫೀನಾಲ್ ರೆಡ್‌ನಿಂದ ಬರುತ್ತದೆ, ಮತ್ತು ಅದು ತುಸುಮಟ್ಟಿಗೆ, ಒಳಪೊರೆಯನ್ನು ಬೆಳೆಸುವ ಈಸ್ಟ್ರೋಜನ್ ಹಾರ್ಮೋನ್‌ನಂತೆ ವರ್ತಿಸುತ್ತದೆಂದು 1986ರಷ್ಟು ಹಿಂದೆಯೇ ತೋರಿಸಲಾಗಿದೆ. ಕೋಶಗಳ ಪೋಷಣೆಗೆ ಬೆರೆಸುವ ಸೀರಮ್‌ನಲ್ಲೂ (ರಕ್ತದ ತಿಳಿದ್ರವ) ಸ್ಟೀರಾಯ್ಡ್ ಹಾರ್ಮೋನ್‌ಗಳಿರುತ್ತವೆ. ಆದ್ದರಿಂದ ಬಣ್ಣವಿಲ್ಲದ ಮೀಡಿಯಂ, ಇದ್ದಿಲಿನಿಂದ ಶೋಧಿಸಿದ ಸೀರಮ್ ಎರಡೂ ಬೇಕು. ದುಬಾರಿ, ಆದರೆ ಇಲ್ಲಿ ಉಳಿತಾಯ ಮಾಡಹೊರಟರೆ ಇಡೀ ಪ್ರಯೋಗವೇ ಕೆಡುತ್ತದೆ. ಬೆಳಗಾವಿಯ ಮಳೆಗಾಲದ ಇನ್ನೊಂದು ಕಾಟ ಬೂಷ್ಟು. ಜೂನ್‌ನಿಂದ ಇನ್‌ಕ್ಯುಬೇಟರ್‌ನ ನೀರಿನ ತಟ್ಟೆಯನ್ನು ಪದೇಪದೇ ಬದಲಿಸುತ್ತೇವೆ, ರಟ್ಟಿನ ಡಬ್ಬಿಗಳನ್ನು ಕೋಣೆಯೊಳಗೆ ಬಿಡುವುದಿಲ್ಲ.

ಮುಖ್ಯ ಪರೀಕ್ಷೆ ಹೀಗಿದೆ. ಸ್ಟ್ರೋಮಾ ಕೋಶಗಳಿಗೆ ಸೈಕ್ಲಿಕ್ ಎಎಂಪಿ (ಕೋಶದೊಳಗೆ ಸಂದೇಶ ಒಯ್ಯುವ ಅಣು) ಮತ್ತು ಪ್ರೊಜೆಸ್ಟರಾನ್‌ನಂತಹ ಹಾರ್ಮೋನ್ ಕೊಟ್ಟರೆ, ಗರ್ಭ ನಿಲ್ಲುವ ಮೊದಲು ಗರ್ಭಕೋಶದಲ್ಲಿ ಆಗುವ ಬದಲಾವಣೆ ತಟ್ಟೆಯಲ್ಲೇ ನಡೆಯುತ್ತದೆ. ಎರಡೂ ತುದಿ ಚೂಪಾಗಿ, ಉದ್ದುದ್ದ ಸಾಲಾಗಿ ಮಲಗಿದ್ದ ಕೋಶಗಳು ವಾರದೊಳಗೆ ಉಬ್ಬಿ, ಅಗಲವಾಗಿ, ಬಹುಭುಜಾಕಾರ ತಾಳುತ್ತವೆ, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಸ್ರವಿಸುತ್ತವೆ. ಅದನ್ನು ಎಲೈಸಾ ಎಂಬ ಪರೀಕ್ಷೆಯಿಂದ ಅಳೆಯುತ್ತೇವೆ. ಸಿಸ್ಟ್‌ನಿಂದ ಬಂದ ಕೋಶಗಳು ಅದೇ ಔಷಧ, ಅದೇ ತಟ್ಟೆ, ಅದೇ ದಿನಗಳಲ್ಲಿ ಬಹುಪಾಲು ಉದ್ದಕ್ಕೇ ಉಳಿಯುತ್ತವೆ, ಪ್ರೊಲ್ಯಾಕ್ಟಿನ್ ಕಡಿಮೆ. ಬೇರೆ ದೇಶಗಳ ಪ್ರಯೋಗಾಲಯಗಳು ವರದಿ ಮಾಡಿದ್ದೂ ಇದನ್ನೇ. ಆದರೂ ನಮ್ಮ ಊರಿನ ಹೆಣ್ಣುಮಗಳ ಕೋಶದಲ್ಲಿ ಅದನ್ನು ಸೂಕ್ಷ್ಮದರ್ಶಕದಡಿ ಮೊದಲ ಬಾರಿ ಕಂಡಾಗ, ಆಕೆಯ ನೋವಿಗೆ ಸಾಕ್ಷಿ ಸಿಕ್ಕಿತು ಎಂದು ನನಗೆ ಅನ್ನಿಸಿತು.

ಹೀಗಾಗುವ ಕಾರಣಗಳನ್ನು ಶಿಕಾಗೊದ ಸಂಶೋಧಕ ಸೆರ್ದಾರ್ ಬುಲುನ್ ಅವರ ತಂಡ ದಶಕಗಳಿಂದ ಬಿಡಿಸುತ್ತಾ ಬಂದಿದೆ. ಈ ಕೋಶಗಳಲ್ಲಿ ಪ್ರೊಜೆಸ್ಟರಾನ್ ಗ್ರಾಹಕಗಳು ಕಡಿಮೆ, ಈಸ್ಟ್ರೋಜನ್‌ನ ಬೀಟಾ ಗ್ರಾಹಕ ಹೆಚ್ಚು. ಜೊತೆಗೆ ಅರೊಮಟೇಸ್ ಎಂಬ ಕಿಣ್ವವಿದ್ದು, ಅವು ತಮ್ಮ ಈಸ್ಟ್ರೋಜನ್ ತಾವೇ ತಯಾರಿಸಿಕೊಳ್ಳುತ್ತವೆ. ಈಸ್ಟ್ರೋಜನ್ ಹೆಚ್ಚಿದಂತೆ ನೋವು, ಉರಿಯೂತ ತರುವ ಪ್ರೊಸ್ಟಗ್ಲಾಂಡಿನ್ ಇ2 ಹೆಚ್ಚುತ್ತದೆ. ಅದು ಮತ್ತೆ ಅರೊಮಟೇಸ್ ಅನ್ನು ಕೆರಳಿಸುತ್ತದೆ.

ಖಾನಾಪುರದ ಕಡೆಯ ಒಬ್ಬರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ, ‘ಅಕ್ಕಾ, ಗರ್ಭಚೀಲ ತೆಗೆಸಿಬಿಟ್ಟರೆ ಮುಗಿಯಿತಲ್ಲವೇ?’ ಎಂದು ಕೇಳಿದರು. ಚಿಕಿತ್ಸೆಯ ಸಲಹೆ ವೈದ್ಯರದು. ಆದರೆ ಕಾಯಿಲೆಯ ಕೋಶಗಳು ಗರ್ಭಚೀಲದ ಹೊರಗಿವೆ, ಅವು ಅಲ್ಲಿಯೇ ಉಳಿದರೆ ನೋವೂ ಉಳಿಯಬಹುದು ಎಂಬಷ್ಟನ್ನು ನಾನು ಹೇಳಿದೆ. ಹಾಗೆಯೇ ಪ್ರೊಜೆಸ್ಟರಾನ್ ಬಳಗದ ಮಾತ್ರೆಗಳಿಂದ ಅನೇಕರಿಗೆ ಆರಾಮ ಸಿಗುತ್ತದೆ ಎಂಬುದೂ ನಿಜ. ತಟ್ಟೆಯಲ್ಲಿ ಕಂಡದ್ದನ್ನು ನೆಪ ಮಾಡಿಕೊಂಡು ಯಾರೂ ಔಷಧ ಬಿಡಬಾರದು.

ಈಗ ಜರಡಿಯ ಮೇಲೆ ಉಳಿದ ಗ್ರಂಥಿಗಳನ್ನೂ ಕಾಪಾಡುತ್ತಿದ್ದೇವೆ. ಆಳವಾಗಿ ಬೇರೂರಿದ ಎಂಡೊಮೆಟ್ರಿಯೋಸಿಸ್‌ನ ಗ್ರಂಥಿಗಳಲ್ಲಿ ಕೆಆರ್‌ಎಎಸ್, ಪಿಐಕೆ3ಸಿಎ ಮುಂತಾದ ಜೀನ್‌ಗಳ ರೂಪಾಂತರಗಳಿವೆ, ಸ್ಟ್ರೋಮಾದಲ್ಲಿ ಅವು ಇಲ್ಲ ಎಂದು 2017ರಲ್ಲಿ ತಿಳಿಯಿತು. ಮರುವರ್ಷ ಜಪಾನಿನ ಸಂಶೋಧಕರು ಕಾಯಿಲೆ ಇಲ್ಲದವರ ಒಳಪೊರೆಯಲ್ಲೂ ಅಂಥವನ್ನು ಕಂಡರು. ಅಂದರೆ ರೂಪಾಂತರವೊಂದೇ ಕಾರಣವಲ್ಲ. ಹಾಗಾಗಿ ಒಬ್ಬರದೇ ಗ್ರಂಥಿಗಳನ್ನು ಮೂರು ಆಯಾಮದ ಜೆಲ್‌ನಲ್ಲಿ ಆರ್ಗನಾಯ್ಡ್‌ಗಳಾಗಿ (ಅಂಗದ ಪುಟ್ಟ ಮಾದರಿಗಳಾಗಿ) ಬೆಳೆಸಿ, ಅವರದೇ ಸ್ಟ್ರೋಮಾ ಕೋಶಗಳ ಜೊತೆ ಇಡಲು ತೊಡಗಿದ್ದೇವೆ. ಸಿಸ್ಟ್‌ನ ಸ್ಟ್ರೋಮಾ ಪಕ್ಕದಲ್ಲಿದ್ದರೆ ಆರೋಗ್ಯವಂತ ಗ್ರಂಥಿಯೂ ಪ್ರೊಜೆಸ್ಟರಾನ್‌ಗೆ ಸ್ಪಂದಿಸುವುದನ್ನು ನಿಲ್ಲಿಸುತ್ತದೆಯೇ ಎಂಬುದೇ ಈಗ ನಾವು ಕೇಳುತ್ತಿರುವ ಪ್ರಶ್ನೆ.