ಒರಗಿ ತುಳಿಯೋ ಸೈಕಲ್ಲು: ಬಿಚ್ಚೋಕೆ ಮುಂಚೆ ಕಿವಿ ಕೊಡಿ

ಕೋಲಾರದ ಕ್ಲಾಕ್ ಟವರ್ ಆಸುಪಾಸಿನಲ್ಲಿ ನಮ್ಮದು ಸೈಕಲ್ ರಿಪೇರಿ ಅಂಗಡಿ, ಅಪ್ಪನ ಕಾಲದ್ದು. ಪಂಕ್ಚರ್, ಬಾಲ್ಸ್, ಬ್ರೇಕ್ ರಬ್ಬರ್, ಇದೇ ಕೆಲಸ. ಈಚೆಗೆ ಮನೆಗಳಿಂದ ಫೋನ್ ಬರೋದು ಬೇರೆ ಥರದ ಸೈಕಲ್ಲಿಗೆ. ಮಂಡಿನೋವಿನವರು, ಸೊಂಟ ಹಿಡಿದವರು ಆನ್‌ಲೈನಲ್ಲಿ ತರಿಸಿಕೊಂಡ ರಿಕಂಬೆಂಟ್ ಬೈಕ್, ಅಂದ್ರೆ ಮನೆಯೊಳಗೆ ನಿಂತಲ್ಲೇ ತುಳಿಯೋ ವ್ಯಾಯಾಮದ ಸೈಕಲ್ಲು. ಬೆನ್ನಿಗೆ ಒರಗು ಇರುತ್ತೆ, ಕಾಲು ಮುಂದಕ್ಕೆ ಚಾಚಿ ತುಳಿಯೋದು. ರಸ್ತೆ ಸೈಕಲ್ ಬಿಚ್ಚಿ ಕಟ್ಟಿದವನಿಗೆ ಇದರಲ್ಲಿ ಅರ್ಧಕ್ಕರ್ಧ ಹಳೇ ಪರಿಚಯವೇ: ಪೆಡಲ್, ಕ್ರ್ಯಾಂಕ್ (ಪೆಡಲ್ ಕೂರೋ ತೋಳು), ಆಕ್ಸಲ್ (ಆ ತೋಳುಗಳು ಕೂರೋ ನಡು ಕಡ್ಡಿ), ಬೇರಿಂಗ್. ಚೈನ್ ಇದ್ದ ಕಡೆ ಬೆಲ್ಟ್, ಬ್ರೇಕ್ ಇದ್ದ ಕಡೆ ಅಯಸ್ಕಾಂತ, ಅಷ್ಟೇ.

ಫೋನ್ ಮಾಡಿದವರು ಹೇಳೋದು ಸಾಮಾನ್ಯವಾಗಿ ಒಂದೇ ಮಾತು. "ಅಣ್ಣಾ, ಮಿಷನ್ ಸೌಂಡ್ ಬರ್ತಿದೆ." ಎಂಥಾ ಸೌಂಡಮ್ಮಾ ಅಂದ್ರೆ "ಜೋರಾಗಿ" ಅಂತಾರೆ. ಜೋರೋ ಮೆಲ್ಲಗೋ ಅನ್ನೋದರಿಂದ ನನಗೇನೂ ಗೊತ್ತಾಗಲ್ಲ. ಯಾವಾಗ ಬರುತ್ತೆ, ಒಂದು ಸುತ್ತಿಗೆ ಎಷ್ಟು ಸಲ ಬರುತ್ತೆ, ಅದು ಬೇಕು. ಅಷ್ಟು ಸಿಕ್ಕಿದರೆ ಕವರ್ ಬಿಚ್ಚದೇನೇ ಅರ್ಧ ರಿಪೇರಿ ಮುಗೀತು.

ಹೀಗೆ ಮಾಡಿ. ಫ್ಯಾನು, ಟಿವಿ ಆಫ್ ಮಾಡಿ ಮನೆಯವರೊಬ್ಬರನ್ನ ಕೂರಿಸಿ ನಿಧಾನಕ್ಕೆ ತುಳಿಸಿ. ನೀವು ಪಕ್ಕದಲ್ಲಿ ಕೂತು ಅವರ ಬಲಗಾಲನ್ನೇ ನೋಡ್ತಾ ಇರಿ. ಸುತ್ತಿಗೊಂದೇ ಸಲ, ಅದೂ ಪ್ರತಿ ಸಲ ಅದೇ ಜಾಗದಲ್ಲಿ 'ಟಕ್' ಅಂದ್ರೆ ತೊಂದರೆ ಪೆಡಲ್‌ನಿಂದ ಆಕ್ಸಲ್‌ವರೆಗೆ ಎಲ್ಲೋ ಇದೆ. ಪೆಡಲ್ ಒಂದು ಸುತ್ತು ಬರೋಷ್ಟರಲ್ಲಿ ಒಳಗಿನ ಭಾರದ ಚಕ್ರ, ಅಂದ್ರೆ ಫ್ಲೈವೀಲ್, ಹಲವು ಸುತ್ತು ಹೊಡೆದಿರುತ್ತೆ. ಹಾಗಾಗಿ ಬಿಡುವಿಲ್ಲದೆ 'ಗರ್ರ್' ಅಂತಾ ಇದ್ದು, ಸ್ಪೀಡ್ ಏರಿದ ಹಾಗೆ ಶಬ್ದವೂ ಏರಿದರೆ ಅನುಮಾನ ಫ್ಲೈವೀಲ್ ಮೇಲೆ. ಲೋಡ್ (ತುಳಿಯೋ ಬಿಗಿ) ಹೆಚ್ಚಿಸಿ ಒತ್ತಿ ತುಳಿದಾಗ ಮಾತ್ರ 'ಕೀಚ್' ಅಂದು ಕಾಲು ಜಾರಿದ ಹಾಗಾದರೆ ಬೆಲ್ಟ್. ಮೈ ಆಚೀಚೆ ವಾಲಿದಾಗ 'ಕಿರ್ರ್' ಅಂದ್ರೆ ಸೀಟು. ಸೀಟನ್ನ ಎರಡು ತೂತು ಹಿಂದಕ್ಕೆ ಸರಿಸಿ ನೋಡಿ, ಶಬ್ದ ಬದಲಾದರೆ ಖಾತ್ರಿ.

ಇನ್ನೊಂದು ಪರೀಕ್ಷೆ ಇದೆ, ನನಗೆ ಇದೇ ಹೆಚ್ಚು ಇಷ್ಟ. ಲೋಡ್ 1ಕ್ಕೆ ಇಟ್ಟು ಜೋರಾಗಿ ತುಳಿದು ತಟ್ಟನೆ ಕಾಲು ನಿಲ್ಲಿಸಿ. ಫ್ರೀವೀಲ್ ಇರೋ ಬೈಕಾದರೆ ಪೆಡಲ್ ನಿಂತ ಮೇಲೂ ಫ್ಲೈವೀಲ್ ಸ್ವಲ್ಪ ಹೊತ್ತು ತಿರುಗ್ತಾ ಇರುತ್ತೆ. ಶಬ್ದ ಕಾಲಿನ ಜೊತೆಗೇ ನಿಂತರೆ ಪೆಡಲ್, ಕ್ರ್ಯಾಂಕ್ ನೋಡಿ. ಕಾಲು ನಿಂತರೂ ಶಬ್ದ ನಡೀತಾ ಇದ್ದರೆ ಆ ಎರಡೂ ನಿರಪರಾಧಿ, ಒಳಗೆ ಬೇರಿಂಗ್ ಹೋಗಿದೆ ಇಲ್ಲಾ ಅಯಸ್ಕಾಂತ ಚಕ್ರಕ್ಕೆ ತಗಲ್ತಿದೆ. ಫ್ರೀವೀಲ್ ಇಲ್ಲದ ಬೈಕಲ್ಲಿ ಪೆಡಲ್ ಕಾಲನ್ನೇ ಎಳ್ಕೊಂಡು ಹೋಗುತ್ತೆ, ಅಂಥದ್ದರಲ್ಲಿ ಈ ಆಟ ಬೇಡ.

ಪೆಡಲ್ ವಿಷಯಕ್ಕೆ ಬರೋಣ, ಮನೆಗಳಲ್ಲಿ ಹೆಚ್ಚು ಕೆಡಿಸೋದು ಇದನ್ನೇ. ಎಡಗಡೆ ಪೆಡಲ್‌ಗೆ ಉಲ್ಟಾ ಥ್ರೆಡ್. ಕಡ್ಡಿಯ ತುದಿಯಲ್ಲಿ ಎಲ್, ಆರ್ ಅಂತ ಕೊರೆದಿರುತ್ತೆ, ನೋಡಿಕೊಳ್ಳಿ. ಯಾವ ಕಡೆ ತಿರುಗಿಸಬೇಕು ಅನ್ನೋ ಗೊಂದಲಕ್ಕೆ ಅಪ್ಪ ಹೇಳಿಕೊಟ್ಟ ಲೆಕ್ಕ: ಸ್ಪ್ಯಾನರ್ ನೆಟ್ಟಗೆ ಮೇಲ್ಮುಖ ನಿಲ್ಲಿಸಿ ಅದರ ಮೇಲ್ತುದಿಯನ್ನ ಸೈಕಲ್ಲಿನ ಮುಂದಕ್ಕೆ ತಳ್ಳಿದರೆ ಎರಡೂ ಪೆಡಲ್ ಬಿಗಿಯಾಗುತ್ತೆ, ಹಿಂದಕ್ಕೆ ಎಳೆದರೆ ಎರಡೂ ಸಡಿಲ. ಹಾಕುವಾಗ ಥ್ರೆಡ್‌ಗೆ ಚೂರು ಗ್ರೀಸ್ ಸವರಿ ಮೊದಲ ಸುತ್ತುಗಳನ್ನ ಬೆರಳಲ್ಲೇ ತಿರುಗಿಸಿ. ಬೆರಳಿಗೆ ಹೋಗದಿದ್ದರೆ ಓರೆಯಾಗಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ಆಮೇಲೆ 15 ನಂಬರ್ ಸ್ಪ್ಯಾನರಲ್ಲಿ ಗಟ್ಟಿ ಮಾಡಿ. ಗೌರಿಪೇಟೆಯ ಒಬ್ಬ ಮೇಷ್ಟ್ರ ಮನೆಯಲ್ಲಿ ಎಡ ಪೆಡಲನ್ನ ಬಲವಂತವಾಗಿ ಬಲಗಡೆ ತಿರುವಿ ಕೂರಿಸಿದ್ದರು. ಪೆಡಲ್‌ಗೆ ಏನೂ ಆಗಿರಲಿಲ್ಲ, ಕ್ರ್ಯಾಂಕಿನ ಥ್ರೆಡ್ಡೇ ಕಿತ್ತು ಬಂದಿತ್ತು. ಹೊಸ ಪೆಡಲ್ ತರೋರು ಥ್ರೆಡ್ ಅಳತೆ ನೋಡಿ. ಸಾಮಾನ್ಯವಾಗಿ 9/16 ಇಂಚು. ಎರಡೂ ಕಡೆಯ ಕ್ರ್ಯಾಂಕ್ ಒಂದೇ ಕಬ್ಬಿಣದ ತುಂಡಾಗಿದ್ದರೆ 1/2 ಇಂಚು.

ಪೆಡಲ್ ಬಿಗಿಯಾಗಿದ್ದೂ 'ಟಕ್' ನಿಲ್ಲದಿದ್ದರೆ ಕ್ರ್ಯಾಂಕ್. ಅದು ಆಕ್ಸಲ್ ಮೇಲೆ ಕೂರೋ ಕಡೆಯ ಪ್ಲಾಸ್ಟಿಕ್ ಬಿಲ್ಲೆ ಎಬ್ಬಿಸಿದರೆ ಒಳಗೆ ಬೋಲ್ಟೋ ನಟ್ಟೋ ಇರುತ್ತೆ, ಬಾಕ್ಸ್ ಸ್ಪ್ಯಾನರಲ್ಲಿ ಬಿಗಿ ಮಾಡಿ. ಇದನ್ನ ನಾಳೆ ನೋಡೋಣ ಅನ್ನಬೇಡಿ. ಸಡಿಲ ಇಟ್ಕೊಂಡೇ ತುಳಿದರೆ ಕ್ರ್ಯಾಂಕಿನ ಚೌಕ ತೂತು ಸವೆದು ಗುಂಡಗಾಗುತ್ತೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲಲ್ಲ, ಕ್ರ್ಯಾಂಕೇ ಬದಲಾಯಿಸಬೇಕು.

ಈಗ ಕವರ್ ಬಿಚ್ಚೋ ಮಾತು. ಕರೆಂಟಿನ ಬೈಕಾದರೆ ಮೊದಲು ಪ್ಲಗ್ ಕಿತ್ತಿಡಿ. ಸ್ಕ್ರೂ ಉದ್ದಗಳು ಬೇರೆ ಬೇರೆ ಇರುತ್ತೆ. ಯಾವ ತೂತಿಂದ ಬಂತೋ ಅದರ ಪಕ್ಕದಲ್ಲೇ ಟೇಪಲ್ಲಿ ಅಂಟಿಸಿ. ಮಕ್ಕಳನ್ನ ಆಚೆ ಕಳಿಸಿ. ತೆರೆದ ಬೆಲ್ಟಿಗೂ ಅದು ಸುತ್ತೋ ಪುಲ್ಲಿಗೂ ನಡುವೆ ಬೆರಳು ಸಿಕ್ಕರೆ ಆಟ ಅಲ್ಲ.

ಒಳಗಿನ ಬೆಲ್ಟ್ ಉದ್ದುದ್ದ ಗೆರೆಯ ರಿಬ್ ಬೆಲ್ಟ್. ಅದರ ಬೆನ್ನ ಮೇಲೆ ನಂಬರ್ ಇರುತ್ತೆ, ಉದಾಹರಣೆಗೆ 380ಜೆ6. ಅಂದ್ರೆ 38 ಇಂಚು ಉದ್ದ, ಜೆ ಅಳತೆಯ ಗೆರೆ, 6 ಗೆರೆ. ಇದೇ ಉದ್ದವನ್ನ ಕೆಲವರು 965 ಮಿ.ಮೀ. ಅಂತ ಅಚ್ಚು ಹಾಕಿರ್ತಾರೆ. ಆ ನಂಬರ್ ಇದ್ದರೆ ಬೇರಿಂಗ್-ಬೆಲ್ಟ್ ಅಂಗಡಿಯಲ್ಲೇ ಕೇಳಬಹುದು, ಕಂಪನಿಗೆ ಬರೆದು ಕಾಯಬೇಕಾಗಿಲ್ಲ. ಬಿರುಕು ಬಿಟ್ಟಿಲ್ಲ, ಬರೀ ಜಾರ್ತಿದೆ ಅಂದ್ರೆ ಒಣಬಟ್ಟೆಯಲ್ಲಿ ಒರೆಸಿ, ಬಿಗಿ ಮಾಡೋ ರಾಟೆಯ ನಟ್ ಸ್ವಲ್ಪ ತಿರುಗಿಸಿ. ಅತಿಯಾಗಿ ಬಿಗಿದರೆ ಬೇರಿಂಗ್ ಬೇಗ ಹೋಗುತ್ತೆ. ಬೆಲ್ಟಿಗೆ ಎಣ್ಣೆ ಮಾತ್ರ ಯಾವ ಕಾರಣಕ್ಕೂ ಬೇಡ.

ಬೇರಿಂಗಿನ ನಂಬರೂ ಅದರ ಮೇಲೇ ಕೊರೆದಿರುತ್ತೆ. 6203 ಅಂದ್ರೆ ಒಳಗಿನ ತೂತು 17, ಹೊರ ಸುತ್ತು 40, ದಪ್ಪ 12 ಮಿ.ಮೀ. ನಂಬರಿನ ಕೊನೆಗೆ ಝಡ್‌ಝಡ್ ಇದ್ದರೆ ತಗಡಿನ ಮುಚ್ಚಳ, 2ಆರ್‌ಎಸ್ ಇದ್ದರೆ ರಬ್ಬರ್ ಮುಚ್ಚಳ. ಟೇಕಲ್ ಕಡೆಯ ಕಲ್ಲಿನ ಪುಡಿ, ಬೇಸಿಗೆಯ ಕೆಂಪು ಧೂಳು ಕಂಡವನಾಗಿ ನಾನು ಹಾಕೋದು ರಬ್ಬರ್ ಮುಚ್ಚಳದ್ದೇ. ಆದರೆ ಫ್ಲೈವೀಲ್ ಭಾರ ಇರುತ್ತೆ, ಬೇರಿಂಗ್ ಹೊಡೆದು ಕೂರಿಸೋಕೆ ಕೈ ಪಳಗಿರಬೇಕು. ಇಷ್ಟನ್ನ ಮೆಕ್ಯಾನಿಕ್‌ಗೆ ಬಿಡಿ.

ಲೋಡ್ ಹೆಚ್ಚು-ಕಮ್ಮಿ ಆಗ್ತಿಲ್ಲ ಅಂತ ಬಂದರೆ "ಮ್ಯಾಗ್ನೆಟ್ ವೀಕ್ ಆಗಿದೆ" ಅನ್ನೋ ಮಾತು ನಂಬಬೇಡಿ. ಸರಿಯಾಗಿ ಕೂತಿರೋ ಅಯಸ್ಕಾಂತ ಚಕ್ರವನ್ನ ಮುಟ್ಟೋದೇ ಇಲ್ಲ, ಸವೆಯೋಕೆ ಏನೂ ಇಲ್ಲ. ತಿರುಗೋ ಲೋಹಕ್ಕೆ ಅಯಸ್ಕಾಂತ ಹತ್ತಿರ ಬಂದರೆ ಲೋಹದೊಳಗೆ ಸುಳಿ ಸುಳಿಯಾಗಿ ವಿದ್ಯುತ್ ಹುಟ್ಟುತ್ತೆ, ಅದೇ ಚಕ್ರವನ್ನ ಹಿಂದಕ್ಕೆ ಎಳೆಯೋದು. ಹತ್ತಿರ ತಂದಷ್ಟೂ ಭಾರ. ತರೋ ಕೆಲಸ ಲೋಡ್ ಬದಲಿಸೋ ಗುಬುಟಿನಿಂದ ಹೋಗೋ ಕೇಬಲ್ಲಿಂದು, ಥೇಟ್ ಬ್ರೇಕ್ ಕೇಬಲ್ಲೇ. ಗುಬುಟು ತಿರುಗಿಸುವಾಗ ಅಯಸ್ಕಾಂತದ ಪಟ್ಟಿ ಅಲ್ಲಾಡದಿದ್ದರೆ ಕೇಬಲ್ ಕಳಚಿದೆ ಇಲ್ಲಾ ಸಡಿಲ ಆಗಿದೆ. ಬಟನ್ ಒತ್ತಿ ಲೋಡ್ ಬದಲಿಸೋ ಬೈಕಲ್ಲಿ ಈ ಕೆಲಸ ಒಂದು ಸಣ್ಣ ಮೋಟರಿಂದು. ಆನ್ ಮಾಡಿದಾಗ ಅದರ 'ಝುಯ್' ಕೇಳಿಸದಿದ್ದರೆ ಮೊದಲು ಅಡಾಪ್ಟರ್ ನೋಡಿ. ಬೇರೆ ಅಡಾಪ್ಟರ್ ಹಾಕೋದಾದರೆ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟು ಅಥವಾ ಹೆಚ್ಚು, ಪಿನ್ನಿನ ಪ್ಲಸ್-ಮೈನಸ್ ಗುರುತೂ ಹೊಂದಬೇಕು.

ತುಳಿದರೂ ಡಿಸ್‌ಪ್ಲೇಯಲ್ಲಿ ಸ್ಪೀಡ್ ಸೊನ್ನೆ ತೋರಿಸಿದರೆ ಮೊದಲು ಸೆಲ್ ಬದಲಾಯಿಸಿ. ಸೆಲ್ಲಿನ ತಗಡಿಗೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ನಯವಾದ ಎಮೆರಿ ಪೇಪರಲ್ಲಿ ಉಜ್ಜಿ. ಡಿಸ್‌ಪ್ಲೇ ಹಿಂದಿನ ವೈರ್ ಜೋಡಣೆ ಒತ್ತಿ ಕೂರಿಸಿ. ಆಗಲೂ ಸೊನ್ನೆಯೇ ಆದರೆ ಸೆನ್ಸರ್. ದೊಡ್ಡ ಪುಲ್ಲಿಯ ಮೇಲೊಂದು ಪುಟ್ಟ ಅಯಸ್ಕಾಂತ, ಫ್ರೇಮಿಗೆ ಒಂದು ಸೆನ್ಸರ್, ಇವೆರಡು ಎದುರುಬದುರಾದಾಗ ಒಂದು ಸುತ್ತು ಲೆಕ್ಕ. ಫ್ರಿಜ್ ಬಾಗಿಲಿನ ಬೊಂಬೆ ಅಯಸ್ಕಾಂತವನ್ನ ಸೆನ್ಸರ್ ಮುಂದೆ ಆಡಿಸಿ ನೋಡಿ. ಅಂಕಿ ಏರಿದರೆ ಸೆನ್ಸರ್ ಸರಿಯಿದೆ, ಪುಲ್ಲಿಯದ್ದು ಬಿದ್ದುಹೋಗಿದೆ ಇಲ್ಲಾ ದೂರ ಆಗಿದೆ. ಕ್ಯಾಲೊರಿ ತಪ್ಪು ತೋರಿಸ್ತಿದೆ ಅಂತ ಮಾತ್ರ ಯಾರೂ ನನ್ನನ್ನ ಕರೀಬೇಡಿ, ಅದು ಯಾವತ್ತೂ ಅಂದಾಜೇ.

ರಿಕಂಬೆಂಟಿಗೇ ಮೀಸಲಾದ ಒಂದು ತಂಟೆ ಸೀಟಿನ ಹಳಿ. ಕೊಬ್ಬರಿ ಎಣ್ಣೆ, ಗಾಡಿಯ ಹಳೇ ಆಯಿಲ್ ಬಿಟ್ಟವರ ಮನೆಯಲ್ಲಿ ಅದಕ್ಕೆ ಧೂಳು ಕೂತು ಹುಣಸೆ ತೊಕ್ಕಿನ ಹಾಗಾಗಿರುತ್ತೆ. ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೆದು, ಸಿಲಿಕಾನ್ ಸ್ಪ್ರೇಯನ್ನ ಬಟ್ಟೆಗೆ ಹೊಡೆದು ಹಳಿಗೆ ತೆಳ್ಳಗೆ ಸವರಿ. ಸೀಟಿನ ಪಕ್ಕದ ಹಿಡಿಯಲ್ಲಿ ನಾಡಿ ತೋರಿಸೋ ತಗಡು ಇದ್ದರೆ ಅದರ ವೈರ್ ಸೀಟಿನ ಅಡಿಯಲ್ಲೇ ಓಡಿರುತ್ತೆ. ಸೀಟು ಸರಿಸುವಾಗ ಅದು ಸಿಕ್ಕಿ ಜಜ್ಜಿಹೋಗುತ್ತೆ. ನಾಡಿ ಹುಚ್ಚುಹುಚ್ಚಾಗಿ ತೋರಿಸಿದರೆ ಹೆದರಿ ಆಸ್ಪತ್ರೆಗೆ ಓಡೋಕೆ ಮುಂಚೆ ಕೈಬೆರಳಲ್ಲೇ ನಾಡಿ ಎಣಿಸಿ, ಆ ವೈರೂ ನೋಡಿ.

ದಿನದ ಆರೈಕೆ ಹೆಚ್ಚೇನಿಲ್ಲ. ತುಳಿದಾದ ಮೇಲೆ ಬೆವರು ಒರೆಸಿ, ಅದರ ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿಯುತ್ತೆ. ಬಿಸಿಲು, ಧೂಳು ಬೀಳೋ ಬಾಲ್ಕನಿಯಲ್ಲಿ ಇಡಬೇಡಿ. ಕೋಟೆಯ ಹಳೇ ಮನೆಗಳ ಕಲ್ಲುಚಪ್ಪಡಿ ನೆಲ ಏರುಪೇರು. ಅಡಿಯ ಬಿರಡೆ ತಿರುಗಿಸಿ ನಾಲ್ಕೂ ಮೂಲೆ ಕೂರಿಸಿ, ಇಲ್ಲದಿದ್ದರೆ ಅಲ್ಲಾಟಕ್ಕೆ ಬೋಲ್ಟೆಲ್ಲ ಸಡಿಲ ಆಗುತ್ತೆ. ತಿಂಗಳಿಗೊಮ್ಮೆ ಕಣ್ಣಿಗೆ ಕಾಣೋ ಬೋಲ್ಟಿಗೆಲ್ಲ ಸ್ಪ್ಯಾನರ್ ಹಾಕಿ ನೋಡಿ. ಸೀರೆ ಸೆರಗು, ಪಂಚೆ ಅಂಚು ಕ್ರ್ಯಾಂಕಿಗೆ ಸಿಗದ ಹಾಗೆ ಕಟ್ಟಿಕೊಂಡು ಕೂರಿ. ವೆಲ್ಡಿಂಗ್ ಜಾಗದಲ್ಲಿ ಕೂದಲಷ್ಟು ಬಿರುಕು ಕಂಡರೂ ಅವತ್ತೇ ತುಳಿಯೋದು ನಿಲ್ಲಿಸಿ.

ಇಷ್ಟಾದರೂ ಬಗೆಹರಿಯದಿದ್ದರೆ ನಮ್ಮಂಥವರನ್ನ ಕರೆಯಿರಿ. ಕರೆಯುವಾಗ ಫ್ರೇಮಿನ ಅಡಿಯಲ್ಲಿರೋ ಮಾಡೆಲ್ ಸ್ಟಿಕ್ಕರಿನ ಫೋಟೋ, ತುಳಿದು ಕಾಲು ನಿಲ್ಲಿಸೋವರೆಗಿನ ಒಂದು ವಿಡಿಯೋ ವಾಟ್ಸಾಪ್ ಮಾಡಿ. ಯಾವ ಸ್ಪ್ಯಾನರ್, ಯಾವ ಬೇರಿಂಗ್ ತರಬೇಕು ಅಂತ ಅಂಗಡಿಯಲ್ಲೇ ತೀರ್ಮಾನ ಮಾಡಿಕೊಂಡು ಹೊರಡ್ತೀವಿ.