ಟ್ರೇ ಸಸಿಗೆ ಮೂರು ಪಾಲು ಕಾಂಪೋಸ್ಟ್: ನನ್ನ ಅನುಭವ

ಟ್ರೇಗೆ ಕಾಂಪೋಸ್ಟ್ ಹಾಕಿದರೆ ಸಸಿ ಕೊಳೆಯುತ್ತದೆ ಎಂದವರೇ ಈಗ ಅಳತೆ ಕೇಳುತ್ತಿದ್ದಾರೆ. 98 ಗುಂಡಿಯ ಟ್ರೇ, ಟೊಮೆಟೊ, ಕ್ಯಾಪ್ಸಿಕಂ. ಈ ಲೆಕ್ಕ ಅಷ್ಟಕ್ಕೇ.

ತೊಳೆದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) 7 ಬಕೆಟ್, ಕಾಂಪೋಸ್ಟ್ 3 ಬಕೆಟ್. ಮೊದಲ ಸಲ ಅರ್ಧಕ್ಕರ್ಧ ಹಾಕಿ ಸುಮಾರು 400 ಟ್ರೇ ಹಾಳಾದವು. ಬೀಜ, ಕೂಲಿ ಸೇರಿ 40 ಸಾವಿರದ ಹತ್ತಿರ ಹೋಯಿತು. ರಾಶಿಯಲ್ಲಿ ಕೋಳಿ ಗೊಬ್ಬರ ಹೆಚ್ಚಾಗಿ ಉಪ್ಪೇರಿ ಎಲೆ ತುದಿ ಸುಟ್ಟಿತು. ಪುಡಿ ತೀರಾ ನುಣ್ಣಗಿದ್ದು ಗುಂಡಿಯ ತಳದಲ್ಲಿ ನೀರು ನಿಂತಿತು, ಬೇರು ಕಂದಾಯಿತು. ಈಗ 4 ಮಿ.ಮೀ. ಜರಡಿ ಹಿಡಿದು, ಹಿಟ್ಟಿನಂಥ ಧೂಳನ್ನೂ ತೆಗೆಯುತ್ತೇನೆ. ಒಂದಕ್ಕೆ ಐದು ನೀರು ಬೆರೆಸಿದಾಗ ಮಿಶ್ರಣದ ಇಸಿ (ಉಪ್ಪಿನ ಅಂಶ ತೋರಿಸುವ ಅಳತೆ) 0.8 mS/cm ದಾಟಿದರೆ ಬಿತ್ತುವುದಿಲ್ಲ.

ಎರಡನೇ ಸಲ 12ನೇ ದಿನಕ್ಕೇ ಕೆಳ ಎಲೆ ಹಳದಿ. ಅರೆ ಕಳಿತ ಗೊಬ್ಬರವಾದ್ದರಿಂದ ಇದ್ದ ಸಾರಜನಕವನ್ನೂ ಸೂಕ್ಷ್ಮಜೀವಿಗಳೇ ಎಳೆದುಕೊಂಡಿದ್ದವು. ತಿರುವಿ ಹಾಕಿದರೂ ರಾಶಿ ಮತ್ತೆ ಬಿಸಿಯಾಗಬಾರದು. ಅಲ್ಲಿಂದ ಎರಡು ತಿಂಗಳು ನೆರಳಲ್ಲಿ ಬಿಡಿ. ಒಂದು ಹಿಡಿ ಒದ್ದೆ ಗೊಬ್ಬರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಟ್ಟು ಮೂಸಿ. ಘಾಟು, ಹುಳಿ ವಾಸನೆ ಬಂದರೆ ಇನ್ನೂ ಕಾಯಬೇಕು.

ಕಾಂಪೋಸ್ಟಿನ ಪೊಟ್ಯಾಷ್ ಬಹುಪಾಲು ಮೊದಲ ದಿನದಿಂದಲೇ ಬೇರಿಗೆ ಸಿಗುತ್ತದೆ, ರಂಜಕಕ್ಕೂ ಕೊರತೆಯಿಲ್ಲ. ಕೈಕೊಡುವುದು ಸಾರಜನಕ: 25 ದಿನದ ಟೊಮೆಟೊ ಸಸಿಯ ಆಯಸ್ಸಿನಲ್ಲಿ ಅದು ಬಿಡುಗಡೆಯಾಗುವುದೇ ಅಲ್ಪ. ಹಾಗಂತ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಕೊಟ್ಟರೆ ಇರುವ ಪೊಟ್ಯಾಷ್ ಮೇಲೆ ಇನ್ನಷ್ಟು ಸುರಿದಂತೆ. ನಾನು ಕೊಡುವುದು ಕ್ಯಾಲ್ಸಿಯಂ ನೈಟ್ರೇಟ್ ಮಾತ್ರ, ಲೀಟರಿಗೆ 1 ಗ್ರಾಂ, 10ನೇ ದಿನದಿಂದ ನಾಲ್ಕು ದಿನಕ್ಕೊಮ್ಮೆ. ಕೋಕೋಪೀಟ್ ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದ ಸಸಿಗಾಗುವ ಕೊರತೆಯೂ ಇದರಿಂದ ನೀಗುತ್ತದೆ. ಚಳಿಗಾಲದಲ್ಲಿ ಗೊಬ್ಬರ ಇನ್ನೂ ನಿಧಾನ, ಆಗ ಮೂರು ದಿನಕ್ಕೊಮ್ಮೆ.

ಮಧ್ಯೆ ಒಲೆ ಬೂದಿಯನ್ನೂ ಬೆರೆಸಿ ನೋಡಿದೆ. ಪಿಎಚ್ 8 ದಾಟಿ, ಚಿಗುರೆಲೆ ಬೆಳ್ಳಗಾಗಿ ನರ ಮಾತ್ರ ಹಸಿರಾಗಿ ಉಳಿಯಿತು: ಕಬ್ಬಿಣ ಸಿಗಲಿಲ್ಲ. ಬೇವಿನ ಹಿಂಡಿಯನ್ನು ಬಿತ್ತುವ ದಿನವೇ ಬೆರೆಸಿದಾಗ ಅಮೋನಿಯಾದಿಂದ ಮೊಳಕೆ ಅರ್ಧಕ್ಕಿಳಿಯಿತು. ಈಗ ಹಿಂಡಿಯನ್ನು ರಾಶಿಗೇ ಸೇರಿಸುತ್ತೇನೆ. ಯಾವಾಗ, ಎಷ್ಟು ಎಂಬುದು ನನ್ನ ಹತ್ತಿರವೇ ಇರಲಿ.

ಟ್ರೇ ತುಂಬುವ ಖರ್ಚು 7 ರೂಪಾಯಿ ಚಿಲ್ಲರೆಯಿಂದ ಐದೂವರೆಗೆ ಬಂದಿದೆ. ಜರಡಿ ಹಿಡಿಯುವ ಕೂಲಿಯೂ ಅದರಲ್ಲೇ. ಕ್ಯಾಪ್ಸಿಕಂ ಟ್ರೇಯಲ್ಲಿ 35 ದಿನ ನಿಲ್ಲುವುದರಿಂದ ಕೊನೆಯ ವಾರ ಕ್ಯಾಲ್ಸಿಯಂ ನೈಟ್ರೇಟ್‌ನ ಈ ದ್ರಾವಣವನ್ನು ಬುಡಕ್ಕೆ ಇನ್ನೊಂದು ಸಲ ಸುರಿಯಲೇಬೇಕು (ಡ್ರೆಂಚಿಂಗ್).